ಏಳು ದಿನದ ಊಟ

ಡಿಸೆಂಬರಿನ ಮೊದಲ ವಾರ, ಕಾಫಿ ಕೊಯ್ಲು ಶುರುವಾದ ದಿನಗಳಲ್ಲಿ, ಶಾಂತಳ ಮಗಳು ಸೀತ ಶಾಲೆಯಿಂದ ಬರುವಾಗ ಚೀಲದಲ್ಲಿ ಒಂದು ತೂಕದ ಯಂತ್ರ ತಂದಳು. ಮೇಲೆ ಅಂಗೈಯಗಲದ ತಟ್ಟೆ, ಕೆಳಗೆ ಗಡಿಯಾರದಂಥ ಮುಖ, ಅದರಲ್ಲಿ ಒಂದೇ ಒಂದು ಕೆಂಪು ಮುಳ್ಳು. ಒಲೆಯ ಮುಂದೆ ಕೂತು ಒಣಮೀನು ಸುಡುತ್ತಿದ್ದ ಶಾಂತ ತಿರುಗಿ ನೋಡಿದಳು.

"ಇದೇನೇ ಇದು? ರೇಷನ್ ಅಂಗಡಿ ಇಡ್ತೀಯಾ?"

"ಟೀಚರ್ ಕೊಟ್ಟದ್ದು ಅವ್ವ. ಇನ್ನೇಳು ದಿನ ಈ ಮನೇಲಿ ಯಾರು ಏನು ತಿಂದ್ರೂ ತೂಕ ಮಾಡಿ ಬರೀಬೇಕು. ಪ್ರಾಕ್ಟಿಕಲ್ ರೆಕಾರ್ಡಿಗೆ."

"ತಿನ್ನೋ ಅನ್ನಾನ ಯಾರಾದ್ರೂ ತೂಗ್ತಾರಾ? ದೃಷ್ಟಿ ತಾಕಲ್ವಾ?"

"ದೃಷ್ಟಿ ತಾಕೋ ಅಷ್ಟು ಅನ್ನ ಇದ್ರೆ ತಾನೆ," ಎಂದು ಸೀತ ನಕ್ಕಳು. ಶಾಂತ ನಗಲಿಲ್ಲ.

ಬಾವಲಿಯ ಚೆಕ್‌ಪೋಸ್ಟಿನಿಂದ ಕಾಡುದಾರಿಯಲ್ಲಿ ಅರ್ಧ ಗಂಟೆ ನಡೆದರೆ ಹನ್ನೊಂದು ಮನೆಗಳ ಅವರ ಆದಿವಾಸಿ ಹಾಡಿ. ಹೊಳೆಯಾಚೆ ಕರ್ನಾಟಕ, ಈಚೆ ಕೇರಳ. ಮನೆಯೊಳಗೆ ಕನ್ನಡ, ಬಸ್ಸು ಹತ್ತಿದರೆ ಮಲಯಾಳಂ. ಶಾಂತಳ ಮನೆಯಲ್ಲಿ ಆರು ಮಂದಿ. ಮಾವ ಬೊಮ್ಮನ್, ಒಂದು ಕಾಲದಲ್ಲಿ ಹೆಮ್ಮರಗಳನ್ನು ಹತ್ತಿ ಜೇನು ಇಳಿಸಿದವನು, ಈಗ ಗೆಣಸು ಅಗೆಯುವುದಕ್ಕಷ್ಟೇ ಕಾಡಿಗೆ ಹೋಗುತ್ತಿದ್ದ. ಗಂಡ ಚಾತನ್ ಕೂಲಿ ಸಿಕ್ಕ ದಿನ ಕೂಲಿಗೆ, ಸಿಗದ ದಿನ ಆದಿವಾಸಿಗಳ ಭೂಮಿ ಹೋರಾಟದ, ಅಂದರೆ ಸಮರದ, ಸಭೆಗೆ ಹೋಗುವವನು. ಮಗ ರಾಮನ್ ಅಪ್ಪನ ಹಿಂದೆಯೇ. ರಾಮನ್‌ನ ಹೆಂಡತಿ ಕಾರ್ತ್ಯಾಯಿನಿ ಆಗ ಆರು ತಿಂಗಳ ಬಸುರಿ. ಹಿಂದಿನ ವರ್ಷ ಅವಳಿಗೆ ಹುಟ್ಟಿದ ಮೊದಲ ಕೂಸು ಎರಡು ಅಂಗೈ ಸೇರಿಸಿದರೆ ಹಿಡಿಸುವಷ್ಟಿತ್ತು. ಇಪ್ಪತ್ತು ದಿನ ಇದ್ದು ಹೋಯಿತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಕೊನೆಯವಳು ಸೀತ. ಹಾಡಿಯಲ್ಲಿ ಹತ್ತನೇ ತರಗತಿ ದಾಟಿದ ಮೊದಲ ಹುಡುಗಿ. ಅವಳನ್ನು ನರ್ಸ್ ಮಾಡಬೇಕೆಂದು ಶಾಂತ ಮನಸ್ಸಿನಲ್ಲೇ ಬಿಳಿ ಸೀರೆ ಉಡಿಸಿಟ್ಟಿದ್ದಳು. ಆದರೆ ಕಾಟಿಕುಳಂನ ಶಾಲೆಯಲ್ಲಿ ಪ್ಲಸ್ ವನ್, ಅಂದರೆ ಹನ್ನೊಂದನೇ ತರಗತಿ, ಸೇರುವಾಗ ಅವಳ ಅಂಕಗಳಿಗೆ ಸಿಕ್ಕಿದ್ದು ಹೋಂ ಸೈನ್ಸ್.

"ಹಂಗಂದ್ರೆ ಏನು?" ಎಂದು ಶಾಂತ ಅಂದು ಕೇಳಿದ್ದಳು.

"ಮನೆ ವಿಷಯ ಅವ್ವ. ಊಟ, ಬಟ್ಟೆ, ಮಕ್ಕಳನ್ನ ಸಾಕೋದು..."

"ಹದಿನೆಂಟು ವರ್ಷ ತೋಟದ ಮನೇಲಿ ಪಾತ್ರೆ ತಿಕ್ಕಿದೀನಿ, ನಂಗೆ ಯಾರೂ ಸರ್ಟಿಫಿಕೇಟ್ ಕೊಡ್ಲಿಲ್ಲ. ನೀನು ಹೋಗಿ ಹೋಗಿ ಒಲೆ ಓದೋಕೆ ಸೇರ್ಕೊಂಡ್ಯಾ!"

ಒಂದೂವರೆ ವರ್ಷದಿಂದ ಬೆಳಗಾದರೆ ಇದೇ ಗೊಣಗಾಟ. ಗೊಣಗುತ್ತಲೇ ಮಗಳ ಬುತ್ತಿಗೆ ಅನ್ನ ತುಂಬುವಳು, ಗೊಣಗುತ್ತಲೇ ಬಸ್ಸಿನವರೆಗೂ ಜೊತೆಗೆ ನಡೆಯುವಳು. ದಾರಿಯಲ್ಲಿ ಆನೆಗಳು ನಿಂತಿರುತ್ತಿದ್ದವು.

ತೂಕ ಶುರುವಾಯಿತು. ಮೊದಲ ಸಂಜೆ ಬೊಮ್ಮನ್ ತನ್ನ ತಟ್ಟೆಯನ್ನು ತಾನೇ ಯಂತ್ರದ ಮೇಲಿಟ್ಟು, "ಮುಳ್ಳು ಎಲ್ಲಿಗೆ ಬಂತು ಮಗ? ನಾನು ಗೆದ್ನಾ?" ಎಂದು ಕೇಳಿದ. ಚಾತನ್, "ನನ್ನ ಬೀಡೀನೂ ತೂಗು," ಎಂದ. ಗಂಡಸರು ಉಂಡೆದ್ದರು. ಆಮೇಲೆ ಸೀತ. ಕೊನೆಗೆ, ಎಂದಿನಂತೆ, ಶಾಂತ ಮತ್ತು ಕಾರ್ತ್ಯಾಯಿನಿ ಮಡಕೆಯನ್ನು ಬಗ್ಗಿಸಿ ತಳದಲ್ಲಿದ್ದುದನ್ನು ಹಂಚಿಕೊಂಡರು.

ಮೂರನೆಯ ದಿನ ಶಾಂತಳಿಗೆ ಮುಜುಗರವಾಯಿತು. ಮಗಳು ನೋಡುತ್ತಿದ್ದಾಳೆಂದು ತನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿಕೊಂಡು ತೂಗಿಸಿದಳು. ಸೀತ ಅತ್ತ ತಿರುಗಿದ ಕೂಡಲೇ ಅದನ್ನು ನಾಳೆಯ ಗಂಜಿಗೆಂದು ಮಡಕೆಗೆ ಸುರಿದಳು.

"ಅವ್ವಾ, ವಾಪಸ್ ಸುರಿದದ್ದನ್ನೂ ಬರ್ಕೊಂಡೆ."

"ನಿನ್ನ ಕಣ್ಣಿಗಿಷ್ಟು ಮಣ್ಣು ಹಾಕ!"

ಏಳು ದಿನ ಮುಗಿದು ಭಾನುವಾರ ಬಂತು. ಮಧ್ಯಾಹ್ನ ಸೀತ ಅಂಗಳದಲ್ಲಿ ಆರು ತೇಗದೆಲೆ ಹಾಸಿದಳು. ಮನೆಯಲ್ಲಿ ರಾಮನ್ ಬಿಟ್ಟರೆ ಬೇರೆ ಯಾರಿಗೂ ಅಂಕಿ ಓದಲು ಬರುತ್ತಿರಲಿಲ್ಲ. ಅವನೋ ಕೇಳುವ ಆಸಾಮಿಯಲ್ಲ. ಅದಕ್ಕೇ ಅವಳು ಅಕ್ಕಿ ತೂಗಿ ತೂಗಿ, ಒಬ್ಬೊಬ್ಬರು ದಿನಕ್ಕೆ ಉಣ್ಣುವಷ್ಟನ್ನು ಒಂದೊಂದು ಎಲೆಯ ಮೇಲೆ ಸುರಿದಳು. ಅಕ್ಕಿಯ ಪಕ್ಕದಲ್ಲಿ ಮೀನಿನ ತುಂಡು, ಕಾಳು, ಗೆಣಸು.

"ಇದು ಅಣ್ಣಂದು. ಇದು ಅಪ್ಪಂದು. ಇದು ತಾತಂದು. ಇದು ನಂದು. ಇದು ಅವ್ವಂದು." ಕೊನೆಯ ಎಲೆಯ ಮೇಲೆ ಒಂದು ಹಿಡಿಗಿಂತ ತುಸು ಹೆಚ್ಚು ಅಕ್ಕಿ ಇತ್ತು. ಪಕ್ಕದಲ್ಲಿ ಏನೂ ಇರಲಿಲ್ಲ. "ಇದು ಅತ್ತಿಗೇದು. ಇಬ್ಬರ ಊಟ ಇದು."

ರಾಮನ್ ಸರ್ರನೆ ಎದ್ದು ನಿಂತ. "ಏನೇ ನಿನ್ನ ಮಾತು? ನಾನು ಅವಳ ಬಾಯಿಂದ ಕಸ್ಕೊಂಡು ತಿಂದ್ನಾ?"

"ಯಾರೂ ಕಸ್ಕೊಂಡಿಲ್ಲ," ಎಂದಳು ಕಾರ್ತ್ಯಾಯಿನಿ ಮೆಲ್ಲಗೆ. "ಉಳಿದದ್ದು ಉಂಡೆ. ನಂಗೆ ಸಾಕಾಗ್ತಿತ್ತು."

ಚಾತನ್ ಬೀಡಿ ಎಸೆದ. "ಇದಕ್ಕೇ ಸಮರ ಅನ್ನೋದು. ಬರೋ ತಿಂಗಳು ಮುತ್ತಂಗದ ಕಾಡಿಗೆ ಹೋಗಿ ಗುಡಿಸಲು ಕಟ್ತೀವಿ. ನಮ್ಮ ಭೂಮಿ ನಮ್ಮ ಕೈಗೆ ಬಂದ್ರೆ ಎಲ್ಲಾರೂ ಹೊಟ್ಟೆ ತುಂಬ ಉಣ್ಬೋದು. ಇದೆಲ್ಲ ತೂಗೋದೇ ಬ್ಯಾಡ."

"ಭೂಮಿ ಬರ್ಲಿ ಅಪ್ಪ, ಬ್ಯಾಡ ಅಂದ್ನಾ?" ಎಂದಳು ಸೀತ. "ಆದ್ರೆ ಆಗ್ಲೂ ಕೊನೆಗೆ ಉಣ್ಣೋರು ಇವರೇ ಆದ್ರೆ?"

"ಅದಕ್ಕೇನೀಗ," ಎಂದ ಬೊಮ್ಮನ್, ಜಗಳ ಬಿಡಿಸುವ ಹುಮ್ಮಸ್ಸಿನಲ್ಲಿ. "ವಸಿ ಹೆಚ್ಚು ಬಡಿಸಿದ್ರಾಯ್ತು. ಬಡಿಸೋದು ಬೇರೆ ಯಾರು? ನಮ್ಮ ಶಾಂತ ತಾನೆ?"

ಮುದುಕ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೆ ಎಲ್ಲರ ಕಣ್ಣೂ ಶಾಂತಳ ಕಡೆ ತಿರುಗಿದವು. ಅವಳು ಆ ಕೊನೆಯ ಎಲೆಯನ್ನೇ ನೋಡುತ್ತಿದ್ದಳು. ತನ್ನ ಅತ್ತೆ ತನಗೆ ಬಡಿಸಿದ ಹಾಗೆ ತಾನು ಸೊಸೆಗೆ ಬಡಿಸಿದ್ದಳು. ಅದರಾಚೆ ಏನೂ ಯೋಚಿಸಿರಲಿಲ್ಲ.

"ಹಂಗಾದ್ರೆ," ಎಂದಳು. "ಹೋದ ವರ್ಷ ಆ ಕೂಸನ್ನ ನಾನೇ ಕೊಂದೆ ಅಂತೀಯಾ?"

"ಅವ್ವಾ, ನಾನು ಹಂಗೆ..."

"ತಗೊಂಡೋಗು ನಿನ್ನ ಯಂತ್ರಾನ! ನಾಳೆಯಿಂದ ನನ್ನ ಒಲೆ ಹತ್ರ ಬರ್ಬೇಡ."

ಆ ಮೇಲೆ ಒಂಬತ್ತು ದಿನ ಶಾಂತ ಮಗಳ ಜೊತೆ ಮಾತಾಡಲಿಲ್ಲ. ಬುತ್ತಿ ತುಂಬಿ ಬಾಗಿಲ ಬಳಿ ಇಡುವಳು, ಬಸ್ಸಿನವರೆಗೂ ನಡೆಯುವಳು, ಆದರೆ ಹತ್ತು ಹೆಜ್ಜೆ ಹಿಂದೆ.

ಹತ್ತನೆಯ ದಿನ ಪದ್ಮಾವತಿ ಟೀಚರ್ ಮನೆಗೇ ಬಂದರು. ವಯನಾಡಿನಲ್ಲಿ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿದ್ದ ಜೈನರ ಮನೆಯವರು. ಅವರ ಮನೆಯಲ್ಲೂ ಕನ್ನಡವೇ. ಬಿಸಿಲಲ್ಲಿ ನಡೆದು ಬಂದ ಅತಿಥಿಗೆಂದು ಶಾಂತ ಮನೆಯಲ್ಲಿದ್ದ ಅತ್ಯುತ್ತಮವಾದುದನ್ನೇ ಮುಂದಿಟ್ಟಳು: ಬೇಯಿಸಿದ ನೂರೆ ಗೆಣಸು, ಮೇಲೆ ಜೇನು.

ಟೀಚರ್ ಕೈ ಹಿಂದೆಗೆದರು. ಶಾಂತಳ ಮುಖ ಕಪ್ಪಿಟ್ಟಿತು. "ನಮ್ಮನೇಲಿ ತಿನ್ನಲ್ಲ ಅಂದ್ರೆ ಬುಡಿ ಟೀಚರೆ, ಬೇಜಾರಿಲ್ಲ."

"ಅಯ್ಯೋ, ಹಾಗಲ್ಲ ಶಾಂತ! ನಾವು ಮಣ್ಣಿನೊಳಗೆ ಬೆಳೆಯೋ ಗೆಡ್ಡೆ ತಿನ್ನೋದಿಲ್ಲ. ಜೇನೂ ತಿನ್ನೋದಿಲ್ಲ. ನನ್ನ ತಾಯಿ ಮನೆಯಲ್ಲೇ ಕೊಟ್ಟರೂ ತಿನ್ನೋದಿಲ್ಲ."

ಶಾಂತ ಅವರನ್ನೇ ನೋಡಿದಳು. "ಗೆಣಸೂ ಇಲ್ಲ, ಜೇನೂ ಇಲ್ಲ. ಮತ್ತೆ ಹೆಂಗೆ ಬದುಕಿದೀರಿ?"

ಟೀಚರ್ ಜೋರಾಗಿ ನಕ್ಕುಬಿಟ್ಟರು. ಕೊನೆಗೆ ರಾಗಿ ರೊಟ್ಟಿ, ದಂಟಿನ ಸೊಪ್ಪು ಬಂತು. ಎರಡು ರೊಟ್ಟಿ ತಿಂದು, ಹಾಲಿಲ್ಲದ ಕಟ್ಟಂಚಾಯ ಕುಡಿದು, ಅವರು ಬಂದ ವಿಷಯ ಹೇಳಿದರು.

"ಇಪ್ಪತ್ತೆರಡು ಹುಡುಗಿಯರು ಈ ಸಮೀಕ್ಷೆ ಬರೆದಿದ್ದಾರೆ. ಇಪ್ಪತ್ತೊಂದು ಮನೆಯಲ್ಲಿ ದಿನಾ ಹಾಲು, ಮೊಟ್ಟೆ, ಹಣ್ಣು. ಪುಸ್ತಕದಲ್ಲಿದ್ದದ್ದನ್ನೇ ಇಳಿಸಿದ್ದಾರೆ. ನಾನೂ ಓದುವಾಗ ಹಾಗೇ ಮಾಡಿದ್ದೆ. ಉಂಡದ್ದನ್ನು ಉಂಡ ಹಾಗೆ ಬರೆದವಳು ನಿಮ್ಮ ಮಗಳು ಒಬ್ಬಳೇ. ಇದು ನಿಜಾನೇ ಅಂತ ಕಣ್ಣಾರೆ ನೋಡಬೇಕು ಅನ್ನಿಸಿತು."

ಶಾಂತ ಲೋಟ ತೊಳೆದಿಟ್ಟಳು. ಆಮೇಲೆ ಒಂಬತ್ತು ದಿನದಿಂದ ಒಳಗಿದ್ದುದನ್ನು ಕೇಳಿದಳು. "ನಿಮ್ಮ ಪುಸ್ತಕ ಏನ್ ಯೋಳ್ತದೆ ಟೀಚರೆ? ಆ ಕೂಸು ಹೋದದ್ದು ನನ್ನ ಕೈಯಿಂದ್ಲೇನಾ?"

"ಗೊತ್ತಿಲ್ಲ ಶಾಂತ. ಅದಕ್ಕೆ ನೂರು ಕಾರಣ ಇರಬಹುದು. ಇನ್ನೂ ಮೂರು ತಿಂಗಳಿದೆ, ಈಗ ಏನು ಮಾಡಬಹುದು ಅನ್ನೋದನ್ನು ಪುಸ್ತಕ ಹೇಳುತ್ತೆ. ನಿಮ್ಮ ಮಗಳಿಗೆ ಅದು ಚೆನ್ನಾಗಿ ಗೊತ್ತು."

ಅಂದು ಸಂಜೆ ಶಾಂತ ಮಡಕೆ ಇಳಿಸಿ ಕರೆದಳು. "ಕಾರ್ತ್ಯಾಯಿನಿ, ಬಾ. ಮೊದ್ಲು ನೀನು ಕೂರು."

"ಅತ್ತೆ, ಮಾವ ಇನ್ನೂ..."

"ಅಂವಂಗೆ ಏನು, ಹೊಟ್ಟೇಲಿ ಕೂಸಿದೆಯಾ? ಕೂರು ಅಂದ್ರೆ ಕೂರು."

ಚಾತನ್ ಬಾಗಿಲಲ್ಲಿ ನಿಂತು ನೋಡಿದ. ಹೆಂಡತಿಯ ಮುಖ ನೋಡಿ, ಕೈ ತೊಳೆಯಲು ಹೊರಗೆ ಹೋದ.

ಜನವರಿಯಲ್ಲಿ ಚಾತನ್, ರಾಮನ್ ಇಬ್ಬರೂ ಬೆಡ್‌ಶೀಟು, ಕತ್ತಿ ಕಟ್ಟಿಕೊಂಡು ಮುತ್ತಂಗಕ್ಕೆ ಹೋದರು. ಮನೆಯಲ್ಲಿ ಮೂವರು ಹೆಂಗಸರು, ಒಬ್ಬ ಮುದುಕ. ಬೊಮ್ಮನ್‌ಗೆ ಹೊಸ ಕೆಲಸ ಬಂತು. "ತಾತ, ಇವತ್ತು ನುಗ್ಗೆ ಸೊಪ್ಪು," "ತಾತ, ಹೊಳೇಲಿ ಏಡಿ ಸಿಗುತ್ತಾ?" ಎಂದು ಮೊಮ್ಮಗಳು ಅವನನ್ನು ದಿನಕ್ಕೊಂದು ಕಡೆ ಓಡಿಸುವಳು, ಅವನು ಹತ್ತು ವರ್ಷ ಚಿಕ್ಕವನಾದವನಂತೆ ಓಡುವನು. ಸೀತ ಹುರುಳಿ ನೆನೆಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದಳು. ರಾಗಿ ಹುರಿದು ಹಿಟ್ಟು ಮಾಡಿದಳು. ಅನ್ನ ಬಸಿದ ನೀರನ್ನು ಚೆಲ್ಲಗೊಡಲಿಲ್ಲ.

"ಇದನ್ನೆಲ್ಲ ನಮ್ಮ ಅಜ್ಜೀನೂ ಮಾಡ್ತಿದ್ಲು. ಇದಕ್ಕೆ ಶಾಲೆ ಯಾಕೆ?" ಎಂದಳು ಶಾಂತ.

"ಅಜ್ಜಿ ಇನ್ನೇನು ಮಾಡ್ತಿದ್ಲು? ಯೋಳು ಅವ್ವ, ಬರ್ಕೋತೀನಿ."

ಯಾವ ಗೆಣಸನ್ನು ಹರಿಯುವ ನೀರಿನಲ್ಲಿ ನೆನೆಹಾಕದೆ ತಿನ್ನಬಾರದು, ಯಾವ ಸೊಪ್ಪು ಬಾಣಂತಿಗೆ, ಯಾವ ಅಣಬೆ ಮುಟ್ಟಬಾರದು ಎಂದು ಶಾಂತ ಹೇಳಿದಳು. ಮಗಳು ಬರೆದಳು. ಸಂಜೆ ಸೀತ ರೆಕಾರ್ಡನ್ನು ಗಟ್ಟಿಯಾಗಿ ಓದುವಳು. "ಗುರುವಾರ ತಾತ ತಿಂದದ್ದು ಎರಡು ತುಂಡು, ಮೂರಲ್ಲ," ಎಂದು ಶಾಂತ ತಿದ್ದುವಳು. ಒಂದು ಅಕ್ಷರ ಓದಲು ಬಾರದಿದ್ದರೂ ಆ ಪುಸ್ತಕ ಅವಳಿಗೆ ಬಾಯಿಪಾಠವಾಯಿತು. ಕಾರ್ತ್ಯಾಯಿನಿಯ ಕೆನ್ನೆ ತುಂಬಿಕೊಂಡಿತು. ಗದ್ದೆಯ ಬದುವಿನಲ್ಲಿ ಕೂತು ಹೊಟ್ಟೆಯೊಳಗಿನ ಒದೆತ ಎಣಿಸುವಷ್ಟು ಹುರುಪು ಅವಳಿಗೆ ಬಂದಿತ್ತು.

ಫೆಬ್ರವರಿ ಹತ್ತೊಂಬತ್ತರಂದು ಮುತ್ತಂಗದಲ್ಲಿ ಪೊಲೀಸರು ಗುಂಡು ಹಾರಿಸಿದ ಸುದ್ದಿ ಬಸ್ಸಿನಲ್ಲಿ ಬಂತು. ಸತ್ತವರು ಯಾರು, ಹಿಡಿದವರು ಯಾರು, ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಚಾತನ್, ರಾಮನ್ ಬಗ್ಗೆ ಯಾವ ಮಾತೂ ಇರಲಿಲ್ಲ. ಆದರೂ ಶಾಂತ ಹೊತ್ತು ಹೊತ್ತಿಗೆ ಒಲೆ ಹಚ್ಚಿದಳು. "ಅಳೋದಾದ್ರೆ ಉಂಡು ಅಳು," ಎಂದು ಸೊಸೆಯ ಮುಂದೆ ಕೂತು, ತಟ್ಟೆ ಖಾಲಿಯಾಗುವವರೆಗೂ ಏಳಲಿಲ್ಲ.

ಮೂರನೆಯ ದಿನ ಹಾಡಿಗೆ ಜೀಪು ಬಂತು. ಪೊಲೀಸರು ಮನೆಯ ಬಟ್ಟೆ, ಚಾಪೆಗಳನ್ನೆಲ್ಲ ಕೊಡವಿ ನೋಡಿದರು. ಸೀತಳ ರೆಕಾರ್ಡು ಒಬ್ಬನ ಕೈಗೆ ಸಿಕ್ಕಿತು. ತೆರೆದರೆ ಹೆಸರುಗಳು: ಚಾತನ್, ರಾಮನ್, ಬೊಮ್ಮನ್. ಹೆಸರಿನ ಮುಂದೆ ಅಕ್ಕಿ, ಮೀನು, ಕಾಳು. ಏಳು ದಿನದ ಲೆಕ್ಕ.

"ಓಹೋ, ಸಮರಕ್ಕೆ ಅನ್ನ ಕಳಿಸಿದ ಪಟ್ಟಿ!"

"ಅಯ್ಯೋ ಸಾರ್, ಅದು ನನ್ನ ಪರೀಕ್ಷೆದು!" ಎಂದು ಸೀತ ಹಿಂದೆ ಓಡಿದಳು. ಜೀಪು ಹೋಗಿಬಿಟ್ಟಿತು. ಪ್ರಾಕ್ಟಿಕಲ್ ಪರೀಕ್ಷೆಗೆ ನಾಲ್ಕೇ ದಿನ ಇತ್ತು. ರೆಕಾರ್ಡು ಇಲ್ಲದವರನ್ನು ಒಳಗೆ ಬಿಡುವುದಿಲ್ಲ.

ಎರಡು ವರ್ಷದ ಓದು ಹೋಯಿತೆಂದು ಸೀತ ಗೋಡೆಗೊರಗಿ ಅತ್ತಳು. ಮರುದಿನ ಬೆಳಿಗ್ಗೆ ಶಾಂತ ಒಗೆದ ಸೀರೆ ಉಟ್ಟಳು.

"ಎಲ್ಲಿಗವ್ವ?"

"ಸ್ಟೇಷನ್ನಿಗೆ."

"ನಾನೂ ಬರ್ತೀನಿ. ನಿಂಗೆ ಓದೋಕೆ ಬರಲ್ಲ."

"ಹುಡುಗೀರು ಬರೋ ಜಾಗ ಅಲ್ಲ ಅದು, ಈ ಕಾಲದಲ್ಲಂತೂ ಅಲ್ಲ. ಅತ್ತಿಗೇನ ನೋಡ್ಕೊ."

ಸ್ಟೇಷನ್ನಿನಲ್ಲಿ ಅವಳನ್ನು ಮಧ್ಯಾಹ್ನದವರೆಗೂ ಹೊರಗೆ ನಿಲ್ಲಿಸಿದರು. ಕುಳಿತರೆ ಮತ್ತೆ ಏಳಲಾರೆನೆಂದು ನಿಂತೇ ಇದ್ದಳು. ಒಳಗೆ ಕರೆದಾಗ ಎಸ್.ಐ. ಮೇಜಿನ ಮೇಲೆ ರೆಕಾರ್ಡು ಬಿದ್ದಿತ್ತು. ಮಾತು ಮಲಯಾಳಂನಲ್ಲಿ ನಡೆಯಿತು.

"ಎಷ್ಟು ಜನಕ್ಕೆ ಅನ್ನ ಕಳಿಸ್ತಿದ್ದೆ?"

"ಆರು ಜನಕ್ಕೆ ಸಾರ್. ಎಲ್ಲಿಗೂ ಕಳಿಸಿಲ್ಲ, ಮನೇಲೇ ಬಡಿಸಿದ್ದು. ಅದು ಮಗಳ ಪಾಠ."

"ಯಾರು ಎಷ್ಟು ಅನ್ನ ತಿಂದ್ರು ಅಂತ ಬರೆಯೋ ಪಾಠ ಯಾವುದು?"

"ಹೋಂ ಸೈನ್ಸ್."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಶಾಂತಳ ಹೆದರಿಕೆ ಯಾಕೋ ಆ ನಗುವಿನ ಸದ್ದಿಗೇ ಇಳಿಯಿತು.

"ಪುಸ್ತಕ ತೆಗೀರಿ ಸಾರ್. ನಂಗೆ ಓದು ಬರಲ್ಲ, ನಾನು ಹೇಳ್ತೀನಿ, ನೀವು ನೋಡ್ಕೊಳಿ. ಸುಳ್ಳಾದ್ರೆ ನನ್ನನ್ನೂ ಜೈಲಿಗೆ ಹಾಕಿ."

ಹೆಡ್ ಕಾನ್‌ಸ್ಟೇಬಲ್ ಸುಕುಮಾರನ್ ಪುಸ್ತಕ ತೆರೆದ. ಶಾಂತ ಕಣ್ಣು ಮುಚ್ಚಿ ಹೇಳತೊಡಗಿದಳು. ಮೊದಲ ದಿನ ಸಂಜೆ ಮಾವನಿಗೆ ಎಷ್ಟು, ಗಂಡನಿಗೆ ಎಷ್ಟು, ಮಗನಿಗೆ ಎಷ್ಟು ಮೀನು. ಎರಡನೆಯ ದಿನ ಗಂಜಿ, ಮರಗೆಣಸು. ಮೂರನೆಯ ದಿನ ತಾನು ಹಾಕಿಕೊಂಡು ವಾಪಸ್ ಸುರಿದ ಒಂದು ಸೌಟು. ಸುಕುಮಾರನ್‌ನ ಬೆರಳು ಸಾಲು ಸಾಲಾಗಿ ಇಳಿಯಿತು, ಪುಟ ಮಗುಚಿತು. ನಾಲ್ಕನೆಯ ದಿನಕ್ಕೆ ಬರುವಾಗ ಕೋಣೆಯಲ್ಲಿ ಅವಳ ಸ್ವರವೊಂದೇ ಇತ್ತು.

"ಸರಿ ಇದೆ ಸಾರ್," ಎಂದ ಸುಕುಮಾರನ್. "ಪ್ರತಿ ಪುಟದಲ್ಲೂ ಟೀಚರ್ ಸಹಿ ಇದೆ. ಶಾಲೆ ಸೀಲೂ ಇದೆ."

ಎಸ್.ಐ. ಪುಸ್ತಕ ತನ್ನ ಕಡೆಗೆ ಎಳೆದುಕೊಂಡ. "ಈ ಕಾರ್ತ್ಯಾಯಿನಿ ಯಾರು? ಎಲ್ಲರಿಗಿಂತ ಕಡಿಮೆ ಬರೆದಿದೆಯಲ್ಲ. ಮಗುವಾ?"

ಶಾಂತ ಕಣ್ಣು ತೆರೆದಳು. "ನನ್ನ ಸೊಸೆ ಸಾರ್. ಆಗ ಆರು ತಿಂಗಳ ಬಸುರಿ. ಬಡಿಸಿದವಳು ನಾನೇ."

ಅವಳು ಮೇಜಿನ ಕಡೆ ಒಂದು ಹೆಜ್ಜೆ ಮುಂದಿಟ್ಟಳು.

"ಮನೆ ಬಸುರಿಗೆ ಹಿಂಗೆ ಬಡಿಸಿದವಳು ಊರಿಗೆಲ್ಲ ಅನ್ನ ಕಳಿಸ್ತಾಳಾ, ನೀವೇ ಹೇಳಿ. ಈ ಪುಸ್ತಕ ನೋಡಿದ್ರೆ ನಂಗೆ ನಾಚಿಕೆ ಆಗುತ್ತೆ ಸಾರ್. ಆವತ್ತೇ ಹರಿದು ಒಲೆಗೆ ಹಾಕ್ಬೇಕು ಅನ್ನಿಸಿತ್ತು. ಹಾಕ್ಲಿಲ್ಲ. ನನ್ನ ಮಗಳು ಸುಳ್ಳು ಬರ್ದಿಲ್ಲ. ಅವಳಿಗೆ ಪರೀಕ್ಷೆ ಬರೀಬೇಕು, ಕೊಟ್ಬಿಡಿ."

ಎಸ್.ಐ. ಬಹಳ ಹೊತ್ತು ಪುಟ ತಿರುವಿದ. ಕೊನೆಗೆ ಮನೆಯವರ ಹೆಸರು, ವಯಸ್ಸು ಬರೆದಿದ್ದ ಮೊದಲ ಹಾಳೆಯನ್ನು ಹರಿದು ಫೈಲಿಗೆ ಸೇರಿಸಿ, ಉಳಿದದ್ದನ್ನು ಅವಳ ಕಡೆ ತಳ್ಳಿದ. ಗೇಟಿನವರೆಗೂ ಬಂದ ಸುಕುಮಾರನ್ ತಗ್ಗಿದ ದನಿಯಲ್ಲಿ, "ಚೇಚಿ, ನಿಮ್ಮ ಗಂಡ, ಮಗ ಇಬ್ಬರೂ ಜೈಲಿನಲ್ಲಿದ್ದಾರೆ. ಜೀವಕ್ಕೇನೂ ಅಪಾಯ ಇಲ್ಲ," ಎಂದ. ಶಾಂತ ರಸ್ತೆಯಂಚಿನ ಕಲ್ಲಿನ ಮೇಲೆ ಕೂತು, ಪುಸ್ತಕವನ್ನು ಎದೆಗೊತ್ತಿ, ನಾಲ್ಕು ದಿನದ ಅಳುವನ್ನು ಅತ್ತು ಮುಗಿಸಿದಳು.

ಹರಿದ ಹಾಳೆಯನ್ನು ಸೀತ ಮತ್ತೆ ಬರೆದಳು. ಟೀಚರ್ ಮತ್ತೆ ಸಹಿ ಹಾಕಿದರು. ಪರೀಕ್ಷೆಯ ದಿನ ಬಸ್ಸು ಓಡಲಿಲ್ಲ. ಕಾರ್ತ್ಯಾಯಿನಿಯನ್ನು ಪಕ್ಕದ ಮನೆಯವರಿಗೊಪ್ಪಿಸಿ, ಬೊಮ್ಮನ್ ಮುಂದೆ, ನಡುವೆ ಸೀತ, ಹಿಂದೆ ಶಾಂತ, ಮೂವರೂ ಬೆಳಕು ಹರಿಯುತ್ತಲೇ ಹೊರಟು ಕಾಡುದಾರಿ ಹಿಡಿದು ಕಾಟಿಕುಳಂ ಸೇರಿದರು. ಒಂದು ಕಡೆ ಆನೆಯ ಹಸಿ ಲದ್ದಿ ಕಂಡು, ಬೊಮ್ಮನ್ ಕೈಯೆತ್ತಿ ಅರ್ಧ ಗಂಟೆ ನಿಲ್ಲಿಸಿದ್ದ. ಗಂಟೆ ಹೊಡೆಯುವಾಗ ಸೀತ ಬಾಗಿಲಲ್ಲಿದ್ದಳು. ಮೂರು ಗಂಟೆಯ ಬಳಿಕ ಹೊರಗೆ ಬಂದಳು.

"ಏನು ಕೇಳಿದ್ರು ಮಗ? ಬಸುರಿ ಊಟ ಕೇಳಿದ್ರಾ? ಮೊಳಕೆ ಕೇಳಿದ್ರಾ?"

"ಇಲ್ಲವ್ವ. ನಂಗೆ ಬಂದ ಚೀಟಿ ಬಿಳಿ ಬಟ್ಟೆಯಿಂದ ಟೀ ಕಲೆ ತೆಗೆಯೋದು."

"ಟೀ ಕಲೆ! ಇಷ್ಟೆಲ್ಲ ಆಗಿ ಟೀ ಕಲೇನಾ?" ಶಾಂತ ಸೆರಗು ಬಾಯಿಗಿಟ್ಟು ನಗತೊಡಗಿದಳು. ಗೇಟಿನಲ್ಲಿದ್ದವರೆಲ್ಲ ತಿರುಗಿ ನೋಡಿದರೂ ಅವಳಿಗೆ ನಗು ತಡೆಯಲಾಗಲಿಲ್ಲ.

ಮಾರ್ಚಿನಲ್ಲಿ ಕಾರ್ತ್ಯಾಯಿನಿ ಆಸ್ಪತ್ರೆಯಲ್ಲಿ ಹೆಣ್ಣು ಹೆತ್ತಳು. ಕೂಸು ಹುಟ್ಟಿದ ಗಳಿಗೆಯಿಂದ ವಾರ್ಡೆಲ್ಲ ಕೇಳುವ ಹಾಗೆ ಕಿರುಚಿತು. ಏಪ್ರಿಲಿನಲ್ಲಿ ಚಾತನ್, ರಾಮನ್ ಜಾಮೀನಿನ ಮೇಲೆ ಬಂದರು, ಇಬ್ಬರೂ ಬಡವಾಗಿ. ಭೂಮಿ ಬಂದಿರಲಿಲ್ಲ, ಕೇಸು ಮಾತ್ರ ಉಳಿದಿತ್ತು. ಮೇ ತಿಂಗಳಲ್ಲಿ ಫಲಿತಾಂಶ ಬಂತು. ಇಂಗ್ಲಿಷಿನಲ್ಲಿ ಸೀತ ಕೂದಲೆಳೆಯಲ್ಲಿ ಪಾಸು. ಹೋಂ ಸೈನ್ಸಿನಲ್ಲಿ ತರಗತಿಗೇ ಮೊದಲು. ಕಾಲೇಜಿಗೆ ಹೋಗಿ ಅದನ್ನೇ ಮುಂದೆ ಓದುತ್ತೇನೆಂದಳು.

"ಒಲೆ ಓದೋದು ಅಂತ ನೀನೇ ಬೈತಿದ್ದೆ," ಎಂದ ಚಾತನ್ ಹೆಂಡತಿಗೆ.

"ಬೈದೆ. ಆಗ ಗೊತ್ತಿರ್ಲಿಲ್ಲ. ಈಗ ಅವಳನ್ನ ಕಳಿಸೋಳೂ ನಾನೇ."

ಚಾತನ್ ಅಂಗಳದಲ್ಲಿ ಕೂತು ಮೊಮ್ಮಗಳ ಕಾಲು ಸವರುತ್ತಿದ್ದ. ಸ್ಟೇಷನ್ನಿನ ಕಥೆಯನ್ನು ಅಪ್ಪನಿಂದ ಕೇಳಿದ್ದ. ಹೆಂಡತಿ ಒಮ್ಮೆಯೂ ಅದನ್ನು ಹೇಳಿರಲಿಲ್ಲ.

"ಒಬ್ಬಳೇ ಹೋದ್ಯಂತೆ. ಅಲ್ಲಿ ಅಷ್ಟು ಜನ ಪೊಲೀಸ್ರು. ಹೆದ್ರಿಕೆ ಆಗ್ಲಿಲ್ವಾ ಶಾಂತ?"

ಶಾಂತ ಹುರುಳಿ ಕೇರುತ್ತಿದ್ದಳು. ಮೊರವನ್ನು ಒಂದು ಗಳಿಗೆ ನಿಲ್ಲಿಸಿದಳು.

"ಆಯ್ತು. ಆಗ್ದೇ ಇರ್ತದಾ? ಆದ್ರೆ ಅದ್ರಲ್ಲಿ ಬರ್ದಿದ್ದೆಲ್ಲಾ ದಿಟ. ದಿಟಾನ ಕೈಯಲ್ಲಿ ಇಟ್ಕೊಂಡು ಎಷ್ಟು ಹೊತ್ತು ಅಂತ ಹೆದರ್ಲಿ?"